ಬಲ್ಲ ನುಡಿಯನ್ನು ಓದುವುದೇಕೆ?

ಪಾಣಿನಿಯ ಅಷ್ಟಾಧ್ಯಾಯಿಯನ್ನು ಕುರಿತು ಪತಂಜಲಿ ರಚಿಸಿದ ಮಹಾಭಾಷ್ಯದ ಮೊದಲ ಭಾಗಕ್ಕೆ ಪಸ್ಪಶಾಹ್ನಿಕವೆಂದು ಹೆಸರು. ಆಹ್ನಿಕವೆಂದರೆ ಒಂದು ಹಗಲಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಪಾಠ, ಪಸ್ಪಶವೆಂದರೆ ಶಾಸ್ತ್ರದ ಪೀಠಿಕೆ. ಕ್ರಿಸ್ತಪೂರ್ವ 2ನೆಯ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಈ ಗ್ರಂಥದ ಮೊದಲ ದಿನದ ಪಾಠದಲ್ಲಿ ಸೂತ್ರಗಳ ವ್ಯಾಖ್ಯಾನಕ್ಕಿಂತ ಮುಂಚೆ ಬರುವುದು, ಈ ಶಾಸ್ತ್ರವನ್ನು ಏಕೆ ಓದಬೇಕೆಂಬ ವಿಚಾರ. ಹಿಂದಿನ ಕಾಲದಲ್ಲಿ ಉಪನಯನವಾದೊಡನೆ ವಟುಗಳು ವ್ಯಾಕರಣವನ್ನು ಕಲಿಯುತ್ತಿದ್ದರು, ಈಗ ಹಾಗಿಲ್ಲ, ವೇದವನ್ನು ಓದಿದವರೇ ಅವಸರದಿಂದ ಮಾತಿಗೆ ನಿಲ್ಲುತ್ತಾರೆ, ವೈದಿಕ ಶಬ್ದಗಳು ವೇದದಿಂದ ಸಿದ್ಧಿಸಿವೆ, ಲೌಕಿಕ ಶಬ್ದಗಳು ಲೋಕದಿಂದ ಸಿದ್ಧಿಸಿವೆ, ಆದ್ದರಿಂದ ವ್ಯಾಕರಣ ವ್ಯರ್ಥವೆನ್ನುತ್ತಾರೆ ಎಂದು ಪತಂಜಲಿ ತನ್ನ ಕಾಲದ ವಿದ್ಯಾರ್ಥಿಗಳ ಮನೋಭಾವವನ್ನು ದಾಖಲಿಸಿ, ಹೀಗೆ ಮನಸ್ಸು ಬೇರೆಡೆಗೆ ತಿರುಗಿದ ಓದುಗರಿಗೆ ಆಚಾರ್ಯನು ಸ್ನೇಹಿತನಾಗಿ ನಿಂತು ಶಾಸ್ತ್ರದ ಪ್ರಯೋಜನವನ್ನು ತಿಳಿಸುತ್ತಾನೆಂದು ಮುಂದುವರಿಸುತ್ತಾನೆ. ಭಾಷೆಯನ್ನೂ ಸಾಹಿತ್ಯವನ್ನೂ ಅಭ್ಯಸಿಸಲು ವಿಶ್ವವಿದ್ಯಾನಿಲಯಕ್ಕೆ ಬರುವ ಹೊಸಬರನ್ನು ಬರಮಾಡಿಕೊಳ್ಳುವ ಮಾತು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಹಳೆಯ ಮಾದರಿಯನ್ನು ಹುಡುಕುವುದು ಕಷ್ಟ. ಈ ಮಾದರಿಯಲ್ಲಿ ವಿದ್ಯಾರ್ಥಿಯ ಸಂಶಯವನ್ನು ಗದರಿಸಿ ಸುಮ್ಮನಾಗಿಸುವುದಿಲ್ಲ, ಅದನ್ನೇ ಪೂರ್ವಪಕ್ಷವಾಗಿ, ಎಂದರೆ ಉತ್ತರಿಸಲೇಬೇಕಾದ ವಾದವಾಗಿ, ಅಂಗೀಕರಿಸಲಾಗುತ್ತದೆ.

ಆ ಪೂರ್ವಪಕ್ಷ ಬಲವಾದದ್ದು. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಗಡಿಗೆ ಮಾಡಿಕೊಡೆಂದು ಕೇಳುತ್ತಾನೆ, ಆದರೆ ಮಾತನಾಡಬೇಕಾದವನು ವೈಯಾಕರಣನ ಮನೆಗೆ ಹೋಗಿ ಶಬ್ದಗಳನ್ನು ಮಾಡಿಕೊಡು, ಬಳಸುತ್ತೇನೆ ಎಂದು ಕೇಳುವುದಿಲ್ಲ ಎಂಬ ದೃಷ್ಟಾಂತವನ್ನು ಕೊಡುವವನು ಬೇರೆ ಯಾರೂ ಅಲ್ಲ, ಪತಂಜಲಿಯೇ. ಶಬ್ದ, ಅರ್ಥ ಮತ್ತು ಅವೆರಡರ ಸಂಬಂಧ ಮೊದಲೇ ಸಿದ್ಧವಾಗಿವೆಯೆಂಬ ಕಾತ್ಯಾಯನನ ವಾರ್ತಿಕವನ್ನು ಅವನು ಸಮರ್ಥಿಸುವುದು ಈ ದೃಷ್ಟಾಂತದ ಮೂಲಕ. ಹಾಗಾದರೆ ಭಾಷೆಯನ್ನು ಕಲಿಸುವ ಶಾಸ್ತ್ರವು ಇತರ ಶಾಸ್ತ್ರಗಳಂತಲ್ಲ. ರಸಾಯನಶಾಸ್ತ್ರದ ತರಗತಿಗೆ ಬರುವವನಿಗೆ ಅದುವರೆಗೆ ತಿಳಿಯದ ವಿಷಯವನ್ನು ತಿಳಿಸಲಾಗುತ್ತದೆ, ಕನ್ನಡ ಎಂ.ಎ. ತರಗತಿಗೆ ಬಂದು ಕೂರುವವನಿಗೆ ಕನ್ನಡ ಗೊತ್ತು, ಅವನ ಅಜ್ಜಿಗೆ ಬಹುಶಃ ಅವನಿಗಿಂತ ಚೆನ್ನಾಗಿ ಗೊತ್ತು. ಬಲ್ಲದ್ದನ್ನೇ ಮತ್ತೆ ಕಲಿಯುವುದೆಂದರೇನು ಎಂಬುದು ಇಲ್ಲಿ ಏಳುವ ತಾತ್ವಿಕ ಪ್ರಶ್ನೆ.

ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ವೇಳೆಗೆ ರಚಿತವಾದ ಕವಿರಾಜಮಾರ್ಗವು ಕನ್ನಡದಲ್ಲಿ ಲಭ್ಯವಿರುವ ಮೊದಲ ಗ್ರಂಥ. ಅದು ಕಾವ್ಯರಚನೆಯ ಗುಣದೋಷಗಳನ್ನು ವಿವರಿಸುವ ಲಕ್ಷಣಗ್ರಂಥವೂ ಹೌದು. ಹೇಗೆ ಬರೆಯಬೇಕೆಂದು ಕಲಿಸಲು ಹೊರಟ ಆ ಗ್ರಂಥವೇ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಗುರಿಯಿಟ್ಟು ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದ ಬುದ್ಧಿಯವರೆಂದು ಕೊಂಡಾಡುತ್ತದೆ. ಈ ಪ್ರಶಂಸೆಯನ್ನು ಸ್ವಾಗತ ಸಮಾರಂಭಗಳ ಭಾಷಣಗಳಲ್ಲಿ ಹೆಮ್ಮೆಯಿಂದ ಉದ್ಧರಿಸುವುದು ವಾಡಿಕೆಯಾಗಿದೆ. ಆದರೆ ಅದು ತರಗತಿಯ ಅಗತ್ಯವನ್ನೇ ಪ್ರಶ್ನಿಸುವ ಮಾತೆಂಬುದನ್ನು ಉದ್ಧರಿಸುವವರು ಗಮನಿಸಿದಂತಿಲ್ಲ. ಓದದೆಯೇ ಬಲ್ಲವರ ನಾಡಿನಲ್ಲಿ ಓದಿಸುವವರಿಗೆ ಏನು ಕೆಲಸ? ಕವಿರಾಜಮಾರ್ಗಕಾರನು ಈ ವಿರೋಧವನ್ನು ಬಿಡಿಸದೆ, ಜನರ ಸಹಜ ಸಾಮರ್ಥ್ಯವನ್ನು ಹೊಗಳಿದ ಬೆನ್ನಿಗೇ ದೋಷಗಳ ಪಟ್ಟಿಗೆ ಹೊರಳಿಕೊಂಡಿರುವುದರಿಂದ, ಬಿಡಿಸುವ ಹೊಣೆ ಓದುಗನ ಮೇಲೆ ಬಿದ್ದಿದೆ.

ಪತಂಜಲಿಯ ಉತ್ತರವನ್ನು ಮೊದಲು ನೋಡಬಹುದು. ಹಸುವನ್ನು ಸೂಚಿಸಲು ಗೌಃ ಎಂಬ ಸಾಧುಶಬ್ದವಿದ್ದಂತೆಯೇ ಗಾವೀ, ಗೋಣೀ, ಗೋತಾ ಮೊದಲಾದ ಅಪಭ್ರಂಶಗಳೂ ಲೋಕದಲ್ಲಿವೆ. ಸಾಧುವೆಂದರೆ ಶಾಸ್ತ್ರಸಮ್ಮತವಾದದ್ದು, ಅಪಭ್ರಂಶವೆಂದರೆ ಅದರಿಂದ ಜಾರಿದ್ದು. ಅರ್ಥವನ್ನು ತಿಳಿಸುವ ಮಟ್ಟಿಗೆ ಎರಡೂ ಸಮಾನವೆಂದು ಅವನು ಒಪ್ಪುತ್ತಾನೆ. ಆದರೂ ಸಾಧುಶಬ್ದವನ್ನೇ ಬಳಸಬೇಕೆಂಬ ಕಟ್ಟುಪಾಡನ್ನು ಶಾಸ್ತ್ರ ವಿಧಿಸುತ್ತದೆ, ಆ ಕಟ್ಟುಪಾಡು ಧರ್ಮಕ್ಕಾಗಿ, ಅದನ್ನು ಪಾಲಿಸಿದವನಿಗೆ ಅಭ್ಯುದಯವೆಂಬುದು ಅವನ ನಿಲುವು. ಈ ಉತ್ತರವನ್ನು ಇಂದಿನ ಕನ್ನಡ ವಿದ್ಯಾರ್ಥಿ ಇದ್ದಂತೆಯೇ ಒಪ್ಪಿಕೊಳ್ಳಲಾರ, ಒಪ್ಪಬೇಕಾಗಿಯೂ ಇಲ್ಲ, ಏಕೆಂದರೆ ಈ ತರ್ಕದ ಪ್ರಕಾರ ದೇಶಭಾಷೆಗಳೆಲ್ಲ ಜಾರಿಬಿದ್ದ ನುಡಿಗಳ ಗುಂಪಿಗೆ ಸೇರಿಬಿಡುತ್ತವೆ. ಕನ್ನಡವು ಶಾಸ್ತ್ರಕ್ಕೆ ಒದಗದ ಭಾಷೆಯಲ್ಲವೆಂದು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನು ಸಂಸ್ಕೃತದಲ್ಲೇ ವಾದಿಸಬೇಕಾಗಿ ಬಂದದ್ದು ಈ ತರ್ಕದ ಭಾರ ಎಷ್ಟು ಕಾಲ ಉಳಿದಿತ್ತೆಂಬುದನ್ನು ತೋರಿಸುತ್ತದೆ. ಕವಿರಾಜಮಾರ್ಗದ ದಾರಿ ಬೇರೆ: ನಾಡಿನಲ್ಲಿ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಗೊತ್ತುಮಾಡಲು ಸರ್ಪರಾಜ ವಾಸುಕಿಗೂ ಆಗದೆ ಬೇಸರ ಬಂದೀತೆಂದು ಹೇಳುವಾಗ ಆ ಗ್ರಂಥವು ಕನ್ನಡವನ್ನು ಬಹುವಚನದಲ್ಲಿ ಕಾಣುತ್ತದೆ. ಹಾಗೆಂದು ಅದು ಎಲ್ಲ ಪ್ರಯೋಗವೂ ಒಂದೇ ಎನ್ನುವುದಿಲ್ಲ. ಎಲ್ಲಿ ಯಾವುದು ಸಲ್ಲುತ್ತದೆಂಬ ವಿವೇಕವನ್ನು ಬೇಡುತ್ತದೆ. ಪತಂಜಲಿಯ ಧರ್ಮವನ್ನು ಪುಣ್ಯದ ಲೆಕ್ಕದಿಂದ ಬಿಡಿಸಿ ಈ ವಿವೇಕದ ಪಕ್ಕದಲ್ಲಿಟ್ಟರೆ ಅದಕ್ಕೆ ಇಂದಿಗೂ ಅರ್ಥವಿದೆ: ಹಲವು ಮಾತುಗಳು ಒಂದೇ ಅರ್ಥವನ್ನು ಮುಟ್ಟಿಸಬಲ್ಲವಾದಾಗ ಯಾವುದನ್ನು ಆರಿಸಿದೆ, ಏಕೆ ಆರಿಸಿದೆ ಎಂಬುದಕ್ಕೆ ಉತ್ತರ ಕೊಡಬಲ್ಲವನಾಗುವುದೇ ಭಾಷಾಧ್ಯಯನದ ಧರ್ಮ. ಮಾತನಾಡುವವನು ಮಾತನ್ನು ಬಲ್ಲ, ಮಾತಿಗೆ ಹೊಣೆಯಾಗುವುದನ್ನು ಮಾತ್ರ ಕಲಿಯಬೇಕಾಗುತ್ತದೆ.

ಇದಲ್ಲದೆ, ಮಾತನಾಡುವವನು ತನ್ನ ಮಾತನ್ನು ಪೂರ್ತಿ ಬಲ್ಲನೆಂಬುದೂ ಪರೀಕ್ಷೆಗೆ ನಿಲ್ಲುವ ಹೇಳಿಕೆಯಲ್ಲ. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಇಂದು ಎರಡೂ ಒಂದೇ ಬಾಳು. ತಮಿಳು ಮಲಯಾಳಗಳ ಲಿಪಿಯಲ್ಲೂ ಬಾಯಲ್ಲೂ ಇಂದಿಗೂ ಇರುವ ಆ ೞಕಾರವು ಕನ್ನಡದ ಉಚ್ಚಾರಣೆಯಿಂದ ಮೆಲ್ಲಮೆಲ್ಲನೆ ಜಾರಿ, ಮೞೆ ಎಂಬಲ್ಲಿ ಳಕಾರವಾಗಿ ಮಳೆಯಾಯಿತು, ಪೊೞ್ತು ಎಂಬಲ್ಲಿ ವ್ಯಂಜನದ ಹಿಂದೆ ರಕಾರವಾಗಿ ಕೊನೆಗೆ ಹೊತ್ತು ಎಂಬ ರೂಪದಲ್ಲಿ ಕರಗಿಹೋಯಿತು. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನಿಗೆ ಈ ಅಕ್ಷರ ಕೈತಪ್ಪುತ್ತಿರುವುದು ತಿಳಿದಿತ್ತು. ಅವನು ರಳ, ಕುಳ, ಕ್ಷಳಗಳೆಂದು ಮೂರು ಬಗೆಯನ್ನು ಹೇಳಿ (ರಳವೆಂದರೆ ಈ ೞಕಾರ, ಕುಳವೆಂದರೆ ಕನ್ನಡದ ಸಹಜ ಳಕಾರ, ಕ್ಷಳವೆಂದರೆ ಸಂಸ್ಕೃತದ ಲಕಾರದ ಜಾಗದಲ್ಲಿ ಬಂದ ಳಕಾರ), ಯಾವ ಯಾವ ಶಬ್ದಗಳಲ್ಲಿ ರಳವಿದೆಯೆಂದು ಪಟ್ಟಿ ಮಾಡಿಕೊಟ್ಟಿದ್ದಾನೆ. ಎಲ್ಲರ ಬಾಯಲ್ಲೂ ಇರುವ ಶಬ್ದಗಳನ್ನು ಯಾರೂ ಪಟ್ಟಿ ಮಾಡಿಡುವುದಿಲ್ಲ. ಕಿವಿಗೆ ಭೇದ ಕೇಳಿಸದಂತಾದ ಕಾಲದಲ್ಲಿ ಮಾತ್ರ ಅಂಥ ಪಟ್ಟಿ ಬೇಕಾಗುತ್ತದೆ. ಅವನ ಆಧಾರವೂ ಸುತ್ತಲಿನ ಮಾತಿಗಿಂತ ಹೆಚ್ಚಾಗಿ ಹಿಂದಿನ ಕವಿಗಳ ಪ್ರಯೋಗವೇ. ಆ ಪಟ್ಟಿಯ ಬೆಲೆ ಅರಿಯಬೇಕಾದರೆ ಪಂಪಭಾರತದ ಯುದ್ಧವರ್ಣನೆಯಲ್ಲಿ ಕತ್ತಿಯೂ ಬದುಕೂ ಒಟ್ಟೊಟ್ಟಿಗೆ ಬರುವ ಕಡೆಗಳಲ್ಲಿ ಇಂದಿನ ಕಿವಿಯನ್ನು ನಂಬಿ ಓದಿ ನೋಡಬೇಕು. ಶಾಸನಗಳಲ್ಲಿ ೞಕಾರ ಇರಬೇಕಾದ ಕಡೆ ಳಕಾರವೋ ರಕಾರವೋ ಕಂಡರೆ ಅದು ಕಾಲನಿರ್ಣಯಕ್ಕೆ ಒಂದು ಸುಳಿವಾಗುತ್ತದೆಂಬುದು ಹೊಸ ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ತಿಳಿಯುವ ಸಂಗತಿ. ಲಕ್ಷಾಂತರ ಜನ ದಿನವೂ ಆಡುವ ಭಾಷೆಯಿಂದ ಒಂದು ಧ್ವನಿ ಕಾಣೆಯಾಯಿತು, ಆಡುವವರಿಗೆ ಅದರ ಅರಿವೇ ಆಗಲಿಲ್ಲ, ಓದುವವನೊಬ್ಬ ಅದನ್ನು ಬರೆದಿಟ್ಟ. ಸಹಜವಾದ ಬಲ್ಮೆ ಮತ್ತು ಓದಿನ ಬಲ್ಮೆ ಒಂದಕ್ಕೊಂದು ಎದುರಲ್ಲ, ಒಂದರ ಕಣ್ಣಿಗೆ ಬೀಳದ್ದು ಇನ್ನೊಂದಕ್ಕೆ ಕಾಣುತ್ತದೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಭರ್ತೃಹರಿಯು ವಾಕ್ಯಪದೀಯದಲ್ಲಿ ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದು, ಶಬ್ದದೊಡನೆ ಹೆಣೆದುಕೊಳ್ಳದ ಜ್ಞಾನವೇ ಲೋಕದಲ್ಲಿಲ್ಲವೆಂದೂ ವ್ಯಾಕರಣವು ಮೋಕ್ಷದ ಬಾಗಿಲೆಂದೂ ಪ್ರತಿಪಾದಿಸಿದ. ಪ್ರತ್ಯಕ್ಷಜ್ಞಾನವು ಕಲ್ಪನೆಯ, ಎಂದರೆ ಹೆಸರು ಜಾತಿಗಳ ಆರೋಪದ, ಸೋಂಕಿಲ್ಲದ್ದೆಂದು ಬೌದ್ಧ ದಿಙ್ನಾಗ ಹೇಳಿದ್ದರಿಂದ ಈ ವಾದ ಶತಮಾನಗಳ ಕಾಲ ಬೆಳೆಯಿತು. ಅದರ ತೀರ್ಮಾನ ಏನೇ ಇರಲಿ, ಭಾಷೆಯನ್ನು ಓದುವವನು ಕೇವಲ ಒಂದು ಸಾಧನವನ್ನು ಓದುತ್ತಿಲ್ಲ, ತನ್ನ ಅರಿವಿನ ಸ್ವರೂಪವನ್ನೇ ಓದುತ್ತಿದ್ದಾನೆಂಬ ಎಚ್ಚರವನ್ನು ಅದು ಉಳಿಸಿಹೋಗಿದೆ.

ಶಾಸ್ತ್ರಾರಂಭದಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳನ್ನು ಭಾರತೀಯ ಪರಂಪರೆ ಅನುಬಂಧ ಚತುಷ್ಟಯವೆಂದು ಕರೆದಿದೆ. ವಿಷಯ ಯಾವುದು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಅಧಿಕಾರಿ ಯಾರು ಎಂಬುವೇ ಆ ನಾಲ್ಕು. ಇಲ್ಲಿ ಅಧಿಕಾರಿಯೆಂದರೆ ಕಚೇರಿಯ ಸಾಹೇಬನಲ್ಲ, ಆ ವಿದ್ಯೆಗೆ ತಕ್ಕವನು. ಹೊಸಬರನ್ನು ಸ್ವಾಗತಿಸುವ ಮಾತಿನಲ್ಲಿ ಈ ನಾಲ್ಕನೆಯದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಅಪ್ರಾಮಾಣಿಕವಾಗುತ್ತದೆ, ಏಕೆಂದರೆ ಈ ದೇಶದಲ್ಲಿ ಅಧಿಕಾರವೆಂಬುದು ಬಹುಮಟ್ಟಿಗೆ ಬಾಗಿಲು ಮುಚ್ಚುವ ಶಬ್ದವಾಗಿತ್ತು. ಬ್ರಹ್ಮಸೂತ್ರದ ಅಪಶೂದ್ರಾಧಿಕರಣವು ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದು ನಿರ್ಣಯಿಸುತ್ತದೆ. ಶಂಕರ, ರಾಮಾನುಜರಿಬ್ಬರೂ ತಮ್ಮ ಭಾಷ್ಯಗಳಲ್ಲಿ ಆ ನಿರ್ಣಯವನ್ನು ಎತ್ತಿಹಿಡಿದಿದ್ದಾರೆ, ಶಂಕರರು ಇತಿಹಾಸ ಪುರಾಣಗಳ ಶ್ರವಣಕ್ಕೆ ನಾಲ್ಕು ವರ್ಣದವರಿಗೂ ಅಧಿಕಾರವಿದೆಯೆಂದು ಸೇರಿಸುತ್ತಾರೆ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದ ಕಥೆಯ ಪ್ರಕಾರ, ವೇದಗಳು ಶೂದ್ರರ ಕಿವಿಗೆ ನಿಷಿದ್ಧವಾದ್ದರಿಂದಲೇ ಎಲ್ಲ ವರ್ಣಗಳಿಗೂ ಸಲ್ಲುವ ಐದನೆಯ ವೇದವನ್ನು ಸೃಷ್ಟಿಸಬೇಕೆಂದು ದೇವತೆಗಳು ಬ್ರಹ್ಮನನ್ನು ಕೇಳುತ್ತಾರೆ, ನಾಟ್ಯ ಹುಟ್ಟುತ್ತದೆ. ವೇದದ ಬಾಗಿಲು ಮುಚ್ಚಿದ ಪರಂಪರೆಯೇ ಸಾಹಿತ್ಯ ಕಲೆಗಳ ಬಾಗಿಲನ್ನು ತೆರೆದಿಡಬೇಕೆಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಅದು ಹೊರಗಿಟ್ಟವರಿಗೆ ಕೊಟ್ಟ ಸಮಾಧಾನದಂತೆಯೂ ಕಾಣುತ್ತದೆಂಬುದು ಬೇರೆ ಮಾತು.

ಕಾವ್ಯಮೀಮಾಂಸೆ ತನ್ನ ಅಧಿಕಾರಿಯನ್ನು ಹುಟ್ಟಿನಿಂದ ಗುರುತಿಸಲಿಲ್ಲ. ಧ್ವನ್ಯಾಲೋಕಕ್ಕೆ ಲೋಚನವೆಂಬ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನ ಪ್ರಕಾರ ಕಾವ್ಯವನ್ನು ಮತ್ತೆ ಮತ್ತೆ ಓದಿದ ಅಭ್ಯಾಸದಿಂದ ಮನಸ್ಸು ತಿಳಿಯಾಗಿ, ವರ್ಣಿತವಾದದ್ದರಲ್ಲಿ ತನ್ಮಯನಾಗುವ ಯೋಗ್ಯತೆ ಬಂದವನೇ ಸಹೃದಯ. ಕನ್ನಡದ ವಿದ್ಯಾರ್ಥಿಗಳು ಹಲವು ತಲೆಮಾರುಗಳಿಂದ ಈ ವಿಚಾರವನ್ನು ತೀ.ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆಯಿಂದ ತಿಳಿದಿದ್ದಾರೆ. ಈ ಲಕ್ಷಣದಲ್ಲಿ ಹೊಸಬನಿಗೆ ಧೈರ್ಯ ಕೊಡುವ ಅಂಶವೆಂದರೆ ಸಹೃದಯತೆ ಅಭ್ಯಾಸದ ಫಲವೆಂಬುದು. ಪ್ರವೇಶದ ದಿನವೇ ಅದು ಇರಬೇಕೆಂದು ಯಾರೂ ಕೇಳುವಂತಿಲ್ಲ. ಆದರೆ ಅಭ್ಯಾಸವೆಂದರೆ ಅಚ್ಚಾದ ಪುಸ್ತಕದ ಅಭ್ಯಾಸ ಮಾತ್ರವೆಂದು ತಿಳಿದರೆ ಸಹೃದಯನೂ ಇನ್ನೊಂದು ಬಾಗಿಲ ಕಾವಲುಗಾರನಾಗುತ್ತಾನೆ. ಮಲೆ ಮಾದೇಶ್ವರನ ಕಾವ್ಯವನ್ನು ಹಾಡುವ ಕಂಸಾಳೆಯವರೂ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರೂ ತಮ್ಮ ತಮ್ಮ ಸಂಪ್ರದಾಯದ ದೀಕ್ಷೆ ಪಡೆದು, ಹಿರಿಯರ ಹಿಮ್ಮೇಳದಲ್ಲಿ ನಿಂತು, ಕೇಳಿ ಕೇಳಿ ಕಲಿತವರು. ಕವಿರಾಜಮಾರ್ಗ ಹೊಗಳಿದ ಜನರನ್ನು ಕಲಿಯದೆ ಬಲ್ಲವರೆಂದು ಭಾವಿಸುವುದೇ ತಪ್ಪು. ಅವರ ಕಲಿಕೆ ಕಿವಿಯಿಂದ ನಡೆಯಿತು, ಅದಕ್ಕೆ ಹಾಜರಿ ಪುಸ್ತಕವಿರಲಿಲ್ಲ, ಅಷ್ಟೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಕನ್ನಡ ನಾಡಿನ ವಿಶ್ವವಿದ್ಯಾನಿಲಯಕ್ಕೆ ಕನ್ನಡವೇ ಅಧಿಕಾರಿಯಾಗಲು ಹನ್ನೊಂದು ವರ್ಷ ಹಿಡಿಯಿತು. ಜನಪದ ಕಾವ್ಯಗಳು ಪಠ್ಯಗಳಾಗಿ ತರಗತಿಯೊಳಗೆ ಬರಲು ಇನ್ನೂ ದಶಕಗಳೇ ಕಳೆದವು.

ಓದನ್ನು ಧರ್ಮದ ಕಾರ್ಯವೆಂದು ಕನ್ನಡದಲ್ಲಿ ಮೊದಲು ನಡೆದು ತೋರಿದವರು ಜೈನರು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಗ್ರಂಥವನ್ನು ಅನ್ನದ ಸಾಲಿನಲ್ಲಿಟ್ಟ ಆ ಸಮಾಜದಲ್ಲೇ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ಓಲೆಗರಿಯ ಮೇಲೆ ಕಂಠವೆಂಬ ಲೇಖನಿಯಿಂದ ಅಕ್ಷರ ಕೊರೆಯುವ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಶ್ರಮವೆಂಬುದನ್ನು ಊಹಿಸಿಕೊಳ್ಳಬೇಕು. 12ನೆಯ ಶತಮಾನದ ಶರಣರಾದರೋ ನಡೆಗೆ ಇಳಿಯದ ಓದನ್ನು ಗಿಳಿಪಾಠವೆಂದು ತಳ್ಳಿಹಾಕಿ, ಅನುಭಾವವನ್ನು ಗ್ರಂಥಪ್ರಮಾಣದ ಮೇಲಿಟ್ಟರು. ಕಸುಬಿನವರೂ ಹೆಂಗಸರೂ ವಚನಗಳನ್ನು ರಚಿಸುವುದರ ಮೂಲಕ ಅಧಿಕಾರದ ಹಳೆಯ ಚರ್ಚೆಯನ್ನೇ ಅಪ್ರಸ್ತುತಗೊಳಿಸಿದರು. ಆದರೂ ಆ ವಚನಗಳು ಉಳಿದದ್ದು ಓದುವವರಿಂದಲೇ. 15ನೆಯ ಶತಮಾನದಲ್ಲಿ ಅವುಗಳನ್ನು ಸಂಕಲಿಸಿ, ಶೂನ್ಯಸಂಪಾದನೆಯಂಥ ಕೃತಿಗಳಲ್ಲಿ ಪೋಣಿಸಿದ ವಿರಕ್ತರೂ, ಮನೆ ಮನೆ ಅಲೆದು ತಾಡೋಲೆಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರೂ ಇಲ್ಲದಿದ್ದರೆ ಪುಸ್ತಕದ ಪಾಂಡಿತ್ಯವನ್ನು ಅಲ್ಲಗಳೆದ ದನಿಗಳು ಇಂದು ಯಾರಿಗೂ ಕೇಳಿಸುತ್ತಿರಲಿಲ್ಲ. ಶರಣರ ಆಕ್ಷೇಪ ಇದರಿಂದ ಸುಳ್ಳಾಗುವುದಿಲ್ಲ; ಪರೀಕ್ಷೆಯ ಹಿಂದಿನ ವಾರ ಗೈಡು ಉರುಹೊಡೆದು ಅಲ್ಲಮನ ಬಗ್ಗೆ ಹತ್ತು ಅಂಕದ ಉತ್ತರ ಬರೆಯುವ ಪದ್ಧತಿ ಇರುವವರೆಗೂ ಅದು ನಿಜವಾಗಿಯೇ ಇರುತ್ತದೆ.

ಪ್ರಯೋಜನದ ಮಾತು ಬಂದಾಗ ಮನೆಯವರು ಕೇಳುವ ಪ್ರಶ್ನೆ ಒಂದೇ: ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ? ಇದು ಕೀಳು ಪ್ರಶ್ನೆಯೆಂದು ಮೂಗು ಮುರಿಯುವ ಅಧ್ಯಾಪಕರು ಮಮ್ಮಟನ ಕಾವ್ಯಪ್ರಕಾಶವನ್ನು ಮತ್ತೆ ತೆರೆಯುವುದು ಒಳ್ಳೆಯದು. ಅವನ ಕಾವ್ಯಪ್ರಯೋಜನಗಳ ಪಟ್ಟಿಯಲ್ಲಿ ಮೊದಲು ಬರುವುದು ಯಶಸ್ಸು, ಎರಡನೆಯದು ಹಣ, ಮೂರನೆಯದು ಲೋಕವ್ಯವಹಾರದ ತಿಳಿವಳಿಕೆ. ಓದಿದ ಕ್ಷಣವೇ ಒದಗುವ ಪರಮಾನಂದ ಬರುವುದು ಆಮೇಲೆ. ಬೋಧನೆ, ಪತ್ರಿಕೆ, ಅನುವಾದ, ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆ ಇವುಗಳನ್ನು ನೆಚ್ಚಿ ಬರುವ ವಿದ್ಯಾರ್ಥಿಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಎರಡು ವರ್ಷವೂ ಅದೊಂದನ್ನೇ ಎಣಿಸುತ್ತ ಕುಳಿತವನು ಪಟ್ಟಿಯ ಉಳಿದ ಭಾಗವನ್ನು ಕಳೆದುಕೊಂಡನೆಂದಷ್ಟೇ ಹೇಳಬಹುದು.

ಸತ್ಯವನ್ನಾಡು, ಧರ್ಮದಂತೆ ನಡೆ ಎಂಬರ್ಥದ ತೈತ್ತಿರೀಯೋಪನಿಷತ್ತಿನ ಉಪದೇಶವು ವಿದ್ಯಾಸಂಸ್ಥೆಗಳ ಗೋಡೆಗಳ ಮೇಲೂ ಆಮಂತ್ರಣ ಪತ್ರಿಕೆಗಳ ಮೇಲೂ ಹೇರಳವಾಗಿ ಕಾಣಸಿಗುತ್ತದೆ, ಹೊಸಬರ ಸ್ವಾಗತದಲ್ಲೂ ಕೇಳಿಬರುತ್ತದೆ. ಆದರೆ ಶೀಕ್ಷಾವಲ್ಲಿಯ ಹನ್ನೊಂದನೆಯ ಅನುವಾಕದ ಆ ಮಾತು ವೇದವನ್ನು ಕಲಿಸಿ ಮುಗಿಸಿದ ಆಚಾರ್ಯನು ಮನೆಗೆ ಹೊರಟ ಶಿಷ್ಯನಿಗೆ ಹೇಳುವುದು. ಅದು ಬೀಳ್ಕೊಡುಗೆಯ ಮಾತು, ಬರಮಾಡಿಕೊಳ್ಳುವ ಮಾತಲ್ಲ. ಅದೇ ವಲ್ಲಿಯಲ್ಲಿ ಶಾಂತಿಪಾಠ ಮುಗಿದೊಡನೆ ಬರುವುದು ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನಗಳೆಂಬ ಶೀಕ್ಷೆಯ ಅಂಗಗಳು: ಅಕ್ಷರ ಯಾವುದು, ಅದರ ಏರಿಳಿತವೇನು, ಎಷ್ಟು ಹೊತ್ತು ನುಡಿಯಬೇಕು, ಎಷ್ಟು ಒತ್ತಬೇಕು, ಹೇಗೆ ಸಮನಾಗಿ ಹೇಳಬೇಕು, ಒಂದನ್ನೊಂದಕ್ಕೆ ಹೇಗೆ ಕೂಡಿಸಬೇಕೆಂಬ ವಿಚಾರ. ಬ್ರಹ್ಮವಿದ್ಯೆಯನ್ನು ಹೇಳಲಿರುವ ಉಪನಿಷತ್ತು ಉಚ್ಚಾರಣೆಯ ಪಾಠದಿಂದ ಆರಂಭವಾಗಿ ನಡತೆಯ ಪಾಠಕ್ಕೆ ಹೋಗುತ್ತದೆ. ವಿಶ್ವವಿದ್ಯಾನಿಲಯಗಳು ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲ ದಿನ ಆದರ್ಶಗಳ ಭಾಷಣ ಮಾಡಿ, ಗಟ್ಟಿಯಾಗಿ ಓದಿಸುವುದನ್ನು ಕೊನೆಯವರೆಗೂ ಮರೆತುಬಿಡುತ್ತವೆ. ಒಂದು ಕಂದಪದ್ಯವನ್ನು ಯತಿಗಣ ಕೆಡದಂತೆ ಓದಲು ಬಾರದ ಸ್ನಾತಕೋತ್ತರ ಪದವೀಧರರು ವರ್ಷವರ್ಷವೂ ಹೊರಬರುತ್ತಿರುವುದಕ್ಕೆ ದೋಷ ವಿದ್ಯಾರ್ಥಿಗಳದ್ದಲ್ಲ.

ಈ ವರ್ಷ ಕನ್ನಡ ಅಧ್ಯಯನ ವಿಭಾಗಗಳಿಗೆ ಸೇರುವವರು ಪ್ರವೇಶಪತ್ರ ಕೈಗೆ ಬಂದ ವಾರವೇ ಗ್ರಂಥಾಲಯದಿಂದ ಪಂಪಭಾರತದ ಒಂದು ಸಂಪುಟವನ್ನು ತೆಗೆದುಕೊಂಡು, ಪಕ್ಕದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನಿಟ್ಟುಕೊಂಡು, ಗೈಡಿನ ಸಾರಾಂಶವನ್ನು ನೋಡದೆ ಮೊದಲ ಆಶ್ವಾಸವನ್ನು ದನಿಯೆತ್ತಿ ಓದಲಿ. ತಿಳಿಯದ ಪದ್ಯದ ಪಕ್ಕದಲ್ಲಿ ಗುರುತು ಮಾಡಿಟ್ಟು ಅಧ್ಯಾಪಕರನ್ನು ಕೇಳಲಿ. ಅಧ್ಯಾಪಕರು ಆ ಪ್ರಶ್ನೆಗೆ, ಪತಂಜಲಿ ಹೇಳಿದಂತೆ, ಸ್ನೇಹಿತರಾಗಿ ಉತ್ತರಿಸಲಿ.